ಬೆಳಗ್ಗೆ ಎಳೆಯದ ಕಾರು, ಗ್ಯಾರೇಜಿನಲ್ಲಿ ಮಾತ್ರ ಸರಿಯಾಗೇ ಇರುತ್ತೆ

ಡಿಸೆಂಬರ್ ಬೆಳಗ್ಗೆ ಆರೂಮುಕ್ಕಾಲು. ಮಡಿಕೇರಿಯಲ್ಲಿ ನಮ್ಮ ಮನೆಯಿಂದ ಮುಖ್ಯರಸ್ತೆಗೆ ಸೇರಬೇಕಾದರೆ ಒಂದು ಸಣ್ಣ ಏರು ಹತ್ತಬೇಕು. ಇನ್ನೂರು ಮೀಟರ್ ಇರಬಹುದು. ಕಾರು ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿತ್ತು. ಫಸ್ಟ್ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದರೆ ಮಾತ್ರ ಉಸಿರು ಕಟ್ಟಿದ ಹಾಗೆ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಜರ್ಕ್ ಹೊಡೆದು ಮುಂದೆ ಹೋಗುತ್ತಿತ್ತು. ಜಾಸ್ತಿ ಒತ್ತಿದಷ್ಟೂ ಜಾಸ್ತಿ ಮಂದ. ಹಾಲು ತರಲು ಹೊರಟಿದ್ದ ಪಕ್ಕದ ಮನೆಯ ಅಜ್ಜ ಒಂದು ದಿನ ನಿಂತು ನೋಡಿ, "ಚೋಕ್ ಎಳೆದಿಲ್ವಾ?" ಅಂದರು. "ಈ ಕಾರಲ್ಲಿ ಚೋಕೇ ಇಲ್ಲ ಅಜ್ಜ" ಅಂತ ನಕ್ಕು ಹೋದೆ. ಉತ್ತರ ಅವರ ಪ್ರಶ್ನೆಯಲ್ಲೇ ಇತ್ತು. ಅದು ನನಗೆ ಗೊತ್ತಾಗುವ ಹೊತ್ತಿಗೆ ಎರಡು ತಿಂಗಳು, ಕಿಡಿ ಹಚ್ಚುವ ನಾಲ್ಕು ಹೊಸ ಪ್ಲಗ್ಗು ಮತ್ತು ಅವಕ್ಕೆ ಕರೆಂಟು ಕೊಡುವ ಒಂದು ಇಗ್ನಿಷನ್ ಕಾಯಿಲ್ಲಿನ ದುಡ್ಡು ಹೋಗಿತ್ತು.

ಈ ತೊಂದರೆಯ ದೊಡ್ಡ ತಲೆನೋವು ಏನೆಂದರೆ, ಇದನ್ನು ಯಾರಿಗೂ ತೋರಿಸಲು ಆಗುವುದಿಲ್ಲ. ಮನೆಯಿಂದ ಗ್ಯಾರೇಜಿಗೆ ನಾಲ್ಕು ಕಿಲೋಮೀಟರ್. ಅಲ್ಲಿಗೆ ಮುಟ್ಟುವಷ್ಟರಲ್ಲಿ ಇಂಜಿನ್ ಬಿಸಿಯಾಗಿ ಪಿಕಪ್ ಸರಿಯಾಗಿರುತ್ತದೆ. ಹುಡುಗ ಒಂದು ರೌಂಡ್ ಓಡಿಸಿ ಬಂದು "ಚೆನ್ನಾಗೇ ಎಳೀತಿದೆ ಸಾರ್" ಅನ್ನುತ್ತಾನೆ. ನೀವು ಸುಮ್ನೆ ಹೇಳುತ್ತಿದ್ದೀರಿ ಅನ್ನೋ ಮುಖ ಬೇರೆ. ನಂತರ ಅಂದಾಜಿನ ಮೇಲೆ ಒಂದೊಂದೇ ಪಾರ್ಟು ಬದಲಾಗುತ್ತಾ ಹೋಗುತ್ತದೆ.

ಅದಕ್ಕೇ ಮೊದಲು ತಣ್ಣಗಿನ ಇಂಜಿನ್ನಿಗೆ ಏನು ಕಷ್ಟ ಅಂತ ನೋಡೋಣ.

ಪೆಟ್ರೋಲು ಹನಿಯಾಗಿದ್ದಾಗ ಸರಿಯಾಗಿ ಉರಿಯುವುದಿಲ್ಲ. ಅದು ಆವಿಯಾಗಿ ಗಾಳಿಯ ಜೊತೆ ಬೆರೆಯಬೇಕು. ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ದೋಸೆ ಕಾವಲಿ ಕಾದಿದೆಯಾ ಅಂತ ನೀರು ಚಿಮುಕಿಸಿ ನೋಡುತ್ತೇವಲ್ಲ, ಅದನ್ನು ನೆನಪಿಸಿಕೊಳ್ಳಿ. ಕಾದಿದ್ದರೆ ನೀರು ಚುಂಯ್ ಅಂತ ಆವಿಯಾಗುತ್ತದೆ. ತಣ್ಣಗಿದ್ದರೆ ಹನಿ ಹಾಗೇ ಕೂತಿರುತ್ತದೆ. ಇಂಜೆಕ್ಟರ್ ಪೆಟ್ರೋಲನ್ನು ಚಿಮುಕಿಸುವುದು ಸಿಲಿಂಡರಿಗೆ ಗಾಳಿ ಹೋಗುವ ದಾರಿಯ ಗೋಡೆಗೆ ಮತ್ತು ವಾಲ್ವಿನ ಬೆನ್ನಿಗೆ. ಅವು ಬಿಸಿಯಾಗಿದ್ದರೆ ಪೂರ್ತಿ ಆವಿ. ತಣ್ಣಗಿದ್ದರೆ ಒಂದಷ್ಟು ಪೆಟ್ರೋಲು ಗೋಡೆಗೇ ಅಂಟಿಕೊಂಡು ಉಳಿಯುತ್ತದೆ. ಹತ್ತು ಹನಿ ಕೊಟ್ಟರೆ ಉರಿಯಲು ಸಿಗುವುದು ಆರೇಳು ಅಂದುಕೊಳ್ಳಿ. ಪೆಟ್ರೋಲು ಕಡಿಮೆಯಾಗಿ ಗಾಳಿ ಜಾಸ್ತಿಯಾದ ಈ ಸ್ಥಿತಿಗೆ ಗ್ಯಾರೇಜಿನವರು ಲೀನ್ ಅನ್ನುತ್ತಾರೆ.

ಕಾರ್ಬ್ಯುರೇಟರ್ ಕಾಲದಲ್ಲಿ ಇದಕ್ಕೆ ಚೋಕ್ ಇತ್ತು. ಅದರ ಹಿಡಿ ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಏರುತ್ತಿತ್ತು. ಹಳೆಯ ಅಂಬಾಸಿಡರ್, ಪದ್ಮಿನಿ, ಮೊದಲ ಮಾರುತಿ 800 ಓಡಿಸಿದವರಿಗೆ ಎಷ್ಟು ಎಳೆಯಬೇಕು, ಯಾವಾಗ ಒಳಕ್ಕೆ ತಳ್ಳಬೇಕು ಅನ್ನೋದು ಕೈಗೇ ಗೊತ್ತಿರುತ್ತಿತ್ತು. ಈಗ ಆ ಕೆಲಸವನ್ನು ಇಸಿಯು, ಅಂದರೆ ಇಂಜಿನ್ನಿನ ಪುಟ್ಟ ಕಂಪ್ಯೂಟರ್, ಮಾಡುತ್ತದೆ. ಇಂಜಿನ್ ತಣ್ಣಗಿದೆ ಅಂತ ಗೊತ್ತಾದರೆ ಇಂಜೆಕ್ಟರನ್ನು ಸ್ವಲ್ಪ ಜಾಸ್ತಿ ಹೊತ್ತು ತೆರೆದಿಡುತ್ತದೆ. ಬಿಸಿಯಾಗುತ್ತಾ ಬಂದಂತೆ ಕಡಿಮೆ ಮಾಡುತ್ತದೆ. ಅಂದರೆ ಚೋಕ್ ಹೋಗಿಲ್ಲ, ನಮ್ಮ ಕೈಯಿಂದ ತಪ್ಪಿದೆ ಅಷ್ಟೇ.

ತಣ್ಣಗಿದೆ ಅಂತ ಇಸಿಯುಗೆ ಹೇಳುವುದು ಯಾರು? ಇಂಜಿನ್ ತಂಪಾಗಿಡುವ ದ್ರವದಲ್ಲಿ, ಅಂದರೆ ಕೂಲೆಂಟಿನಲ್ಲಿ ಮುಳುಗಿರುವ, ಹೆಬ್ಬೆರಳಿನಷ್ಟು ದೊಡ್ಡ ಒಂದು ಸೆನ್ಸರ್. ಇದರ ಕಥೆಗೆ ಆಮೇಲೆ ಬರುತ್ತೇನೆ.

ಆಕ್ಸಿಲರೇಟರ್ ಒತ್ತಿದ ಕ್ಷಣದಲ್ಲೇ ಯಾಕೆ ಕಾರು ಮುಗ್ಗರಿಸುತ್ತದೆ? ಗಾಳಿಯ ಬಾಗಿಲು, ಅಂದರೆ ಥ್ರಾಟಲ್, ತೆರೆದ ಕೂಡಲೇ ಗಾಳಿ ನುಗ್ಗುತ್ತದೆ, ಅದಕ್ಕೆ ಕಾಯುವ ಅಭ್ಯಾಸ ಇಲ್ಲ. ಪೆಟ್ರೋಲು ಮಾತ್ರ ಮೊದಲು ಗೋಡೆ ಒದ್ದೆ ಮಾಡಿ ಆಮೇಲೆ ಮುಂದೆ ಹೋಗಬೇಕು. ಈ ಅರ್ಧ ಸೆಕೆಂಡಿನ ವ್ಯತ್ಯಾಸವೇ ಆ ಉಸಿರುಗಟ್ಟಿದ ಅನುಭವ. ಒಂದೇ ವೇಗದಲ್ಲಿ ಓಡುವಾಗ ಗೊತ್ತಾಗದ ಸಣ್ಣ ಕೊರತೆ ಏರಿನಲ್ಲಿ ಫಸ್ಟ್ ಗೇರಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಸ್ವಲ್ಪ ಮಂದವಾಗುವುದು ರೋಗವೇ ಅಲ್ಲ, ಇದನ್ನೂ ಹೇಳಿಬಿಡಬೇಕು. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಇಂಜಿನ್ ಆಯಿಲ್ ಅಷ್ಟು ಹೆಪ್ಪುಗಟ್ಟದಿದ್ದರೂ ಮಂದವಾಗುತ್ತದೆ, ಗೇರ್ ಬಾಕ್ಸಿನ ಎಣ್ಣೆಯೂ ಅಷ್ಟೇ. ತೆಳುವಾದ 5ಡಬ್ಲ್ಯೂ-30 ಆಯಿಲ್ ಹಾಕಬೇಕಾದ ಇಂಜಿನ್ನಿಗೆ "ಗಟ್ಟಿ ಇದ್ರೆ ಒಳ್ಳೇದು" ಅಂತ ದಪ್ಪನೆಯ 20ಡಬ್ಲ್ಯೂ-50 ಸುರಿದಿದ್ದರೆ ಬೆಳಗಿನ ಭಾರ ಇನ್ನೂ ಜಾಸ್ತಿ. ಮತ್ತೊಂದು ಕಾರಣ ಸೈಲೆನ್ಸರ್ ಪೈಪಿನಲ್ಲಿರುವ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್. ಅದು ಕೆಲಸ ಶುರುಮಾಡಲು ಸುಮಾರು 250-300 ಡಿಗ್ರಿ ಬಿಸಿ ಬೇಕು. ಅದು ಬೇಗ ಬಿಸಿಯಾಗಲಿ ಅಂತ ಇಸಿಯು ಕಿಡಿಯನ್ನು ಬೇಕಂತಲೇ ತಡವಾಗಿ ಹಚ್ಚುತ್ತದೆ. ಶಾಖ ಪೈಪಿಗೆ ಹೋಗುತ್ತದೆ, ಎಳೆತ ಸ್ವಲ್ಪ ಕಡಿಮೆಯಾಗುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತುವ ಲೆಕ್ಕ) 1,200-1,500ರಲ್ಲಿ ನಿಂತು ಗುಯ್ ಅನ್ನುವುದು ಇದಕ್ಕೇ. ಎತ್ತರದ ಲೆಕ್ಕವೂ ಬೇರೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಇಂಜಿನ್ನಿಗೆ ಮಂಗಳೂರಿಗಿಂತ ಇಲ್ಲಿ ನೂರಕ್ಕೆ 12ರಷ್ಟು ಗಾಳಿ ಕಡಿಮೆ. ಆದರೆ ಅದು ದಿನವಿಡೀ ಇರುವ ಕೊರತೆ. ಬೆಳಗ್ಗೆ ಮಾತ್ರ ಕಾಡುವುದಲ್ಲ.

ಹಾಗಾಗಿ ಸ್ಪ್ಯಾನರಿಗಿಂತ ಮೊದಲು ಗಡಿಯಾರ ನೋಡಿ. ಮೊದಲ ಒಂದೆರಡು ನಿಮಿಷ ಬರೀ ಭಾರ ಅನಿಸಿ, ಜರ್ಕ್ ಇಲ್ಲದೆ ಸರಿಹೋದರೆ ಗಾಡಿ ಆರೋಗ್ಯವಾಗಿದೆ. ಜರ್ಕ್ ಹೊಡೆದು, ಮಿಸ್ಸಿಂಗ್ ಆಗಿ (ನಡುನಡುವೆ ಪೆಟ್ರೋಲು ಉರಿಯದೆ ತಪ್ಪಿ), ಐದಾರು ನಿಮಿಷದಲ್ಲಿ ಪೂರ್ತಿ ಮಾಯವಾದರೆ ಪೆಟ್ರೋಲಿನ ಲೆಕ್ಕ ತಪ್ಪಿದೆ. ಬಿಸಿಯಾದ ಮೇಲೂ ಎಳೆಯದಿದ್ದರೆ ಅದು ಚಳಿಯ ತೊಂದರೆಯೇ ಅಲ್ಲ. ಫ್ಯುಯೆಲ್ ಪಂಪಿನ ಒತ್ತಡ, ಮುಚ್ಚಿಕೊಂಡ ಫಿಲ್ಟರ್, ಕಟ್ಟಿಕೊಂಡ ಕನ್ವರ್ಟರ್, ಆ ಕಡೆ ಹುಡುಕಬೇಕು.

ನನ್ನದು ಎರಡನೇ ಜಾತಿ. ಪ್ಲಗ್ಗು ಹಾಕಿಸಿ, ಕಾಯಿಲ್ ಹಾಕಿಸಿ, ಥ್ರಾಟಲ್ ಬಾಡಿ ತೊಳೆಸಿ ಸುಸ್ತಾದ ಮೇಲೆ ಪೇಟೆಯ ಹೊರಗಿನ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ಬಾನೆಟ್ಟನ್ನೂ ಎತ್ತದೆ ಅವರು ಹೇಳಿದ್ದು ಇಷ್ಟೇ: "ಸಾರ್, ಗಾಡಿ ರಾತ್ರಿ ಇಲ್ಲೇ ಬಿಟ್ಟೋಗಿ. ಬೆಳಗ್ಗೆ ಬನ್ನಿ. ಯಾರೂ ಸ್ಟಾರ್ಟ್ ಮಾಡಬಾರದು."

ಮಾರನೇ ದಿನ ಬೆಳಗ್ಗೆ ಏಳಕ್ಕೆ ಹೋದಾಗ ಗಾಜಿನ ಮೇಲೆ ಇಬ್ಬನಿ ಹಾಗೇ ಇತ್ತು. ಸ್ಟೀರಿಂಗ್ ಕೆಳಗೆ, ಇಸಿಯುವಿನ ಅಂಕಿಗಳನ್ನು ಓದಲು ಇರುವ ಓಬಿಡಿ ಸಾಕೆಟ್ಟಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ಡಾಂಗಲ್ ಸಿಕ್ಕಿಸಿದರು. ಕೀ ಆನ್ ಮಾಡಿದರು, ಸೆಲ್ಫ್ ಹೊಡೆಯಲಿಲ್ಲ. ಮೊಬೈಲಿನಲ್ಲಿ ಎರಡು ಅಂಕಿ ತೋರಿಸಿದರು. ಒಳಕ್ಕೆ ಹೋಗುವ ಗಾಳಿಯ ಉಷ್ಣತೆ 14 ಡಿಗ್ರಿ. ಕೂಲೆಂಟಿನ ಉಷ್ಣತೆ 46 ಡಿಗ್ರಿ.

"ರಾತ್ರಿಯಿಡೀ ನಿಂತ ಗಾಡಿ ಸಾರ್. ಎರಡೂ ಒಂದೇ ಇರ್ಬೇಕು."

ಅಷ್ಟೇ. ಸೆನ್ಸರ್ ಸುಳ್ಳು ಹೇಳುತ್ತಿತ್ತು. ಇಂಜಿನ್ ಆಗಲೇ ಅರ್ಧ ಬಿಸಿಯಾಗಿದೆ ಅಂತ ಇಸಿಯು ನಂಬಿ, ಕೊಡಬೇಕಾದಷ್ಟು ಪೆಟ್ರೋಲು ಕೊಡುತ್ತಿರಲಿಲ್ಲ. ಚೋಕ್ ಅರ್ಧ ಮಾತ್ರ ಎಳೆದ ಹಾಗೆ. ಇಂಜಿನ್ ನಿಜವಾಗಿ ಬಿಸಿಯಾದ ಮೇಲೆ ಸುಳ್ಳಿಗೂ ನಿಜಕ್ಕೂ ಅಂತರ ಕಡಿಮೆಯಾಗಿ ಎಲ್ಲ ಸರಿಹೋಗುತ್ತಿತ್ತು.

ಆಮೇಲೆ ಸೆನ್ಸರಿನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರು. ಇಂಥ ಸೆನ್ಸರಿನ ಸ್ವಭಾವ ತಿರುಗುಮುರುಗು: ತಣ್ಣಗಾದಷ್ಟೂ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟನ್ನು ತಡೆಯುವ ಗುಣ, ಏರುತ್ತದೆ. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ 2,500 ಓಮ್ ಆಸುಪಾಸು, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು ಇರುತ್ತದೆ. ಸರಿಯಾದ ಅಂಕಿ ಕಾರಿಂದ ಕಾರಿಗೆ ಸ್ವಲ್ಪ ಬೇರೆ. ಆ ಬೆಳಗಿನ ಚಳಿಗೆ 3,000 ದಾಟಬೇಕಿದ್ದ ನನ್ನ ಸೆನ್ಸರ್ ತೋರಿಸಿದ್ದು ಸಾವಿರದೊಳಗೆ. ಹೊಸದಕ್ಕೆ ಹೋಗಿದ್ದು ಐನೂರು ಚಿಲ್ಲರೆ. ತಣ್ಣಗಿದ್ದಾಗಲೇ ಬಿಚ್ಚಿದರು, ಒಂದು ಲೋಟದಷ್ಟು ಕೂಲೆಂಟ್ ಚೆಲ್ಲಿತು, ಅದನ್ನು ತುಂಬಿಸಿದರು. ಕೆಲಸ ಅರ್ಧ ಗಂಟೆ.

ಚೆಕ್ ಇಂಜಿನ್ ದೀಪ ಯಾಕೆ ಹತ್ತಲಿಲ್ಲ ಅಂತ ಕೇಳಿದೆ. ಸೆನ್ಸರಿನ ತಂತಿ ತುಂಡಾದರೆ, ಶಾರ್ಟ್ ಆದರೆ ಇಸಿಯುಗೆ ಗೊತ್ತಾಗುತ್ತದೆ. ನಂಬುವಂಥ ಸುಳ್ಳು ಹೇಳಿದರೆ ಎಷ್ಟೋ ಕಾರುಗಳಿಗೆ ಗೊತ್ತಾಗುವುದಿಲ್ಲ. 46 ಡಿಗ್ರಿ ಅನ್ನುವುದು ಇಂಜಿನ್ನಿಗೆ ಅಸಾಧ್ಯವಾದ ಅಂಕಿಯೇನಲ್ಲ ನೋಡಿ. ದೀಪ ಹತ್ತಿಲ್ಲ ಅಂದರೆ ತೊಂದರೆ ಇಲ್ಲ ಅಂತ ಅರ್ಥವಲ್ಲ.

ನಾಚಿಕೆಯ ಮಾತು ಒಂದಿದೆ. ಸುಳಿವು ಎರಡು ತಿಂಗಳಿಂದ ನನ್ನ ಕಣ್ಣೆದುರೇ ಇತ್ತು. ಸಣ್ಣ ಕಾರುಗಳಲ್ಲಿ ಉಷ್ಣತೆಯ ಮುಳ್ಳಿನ ಬದಲು ತಣ್ಣಗಿರುವಾಗ ಹತ್ತುವ ಒಂದು ನೀಲಿ ದೀಪ ಇರುತ್ತದಲ್ಲ, ನನ್ನ ಕಾರಿನಲ್ಲಿ ಅದು ಗೇಟು ದಾಟುವುದರೊಳಗೆ ಆರಿಹೋಗುತ್ತಿತ್ತು. ಡಿಸೆಂಬರ್ ಚಳಿಯಲ್ಲಿ ಒಂದು ನಿಮಿಷಕ್ಕೆ ಯಾವ ಇಂಜಿನ್ ಬಿಸಿಯಾಗುತ್ತದೆ?

ಎಲ್ಲರ ಕಾರಿನಲ್ಲೂ ಸೆನ್ಸರೇ ಕಳ್ಳ ಅಲ್ಲ. ಎರಡು ಅಂಕಿಯೂ ಹತ್ತಿರ ಹತ್ತಿರ ಇದ್ದರೆ ಮುಂದಕ್ಕೆ ಹುಡುಕಬೇಕು. ಸಾಧಾರಣ ಡಾಂಗಲ್ಲಿಗೆ ಸಾವಿರ ಸಾವಿರದೈನೂರು ಇರಬಹುದು, 2013ರ ನಂತರದ ಹೆಚ್ಚಿನ ಕಾರುಗಳಿಗೆ ಆಗುತ್ತದೆ. ಒಂದು ಪ್ಲಗ್ ಸೆಟ್ಟಿನ ದುಡ್ಡಿಗೆ ಇಷ್ಟು ಉಪಯೋಗದ ಸಾಮಾನು ಬೇರೆ ಸಿಗಲ್ಲ ಅಂತ ನನ್ನ ಅಭಿಪ್ರಾಯ.

ನನ್ನ ಮುಂದಿನ ಅನುಮಾನ ವಾಲ್ವಿನ ಬೆನ್ನಿನ ಕಾರ್ಬನ್. ವರ್ಷಗಟ್ಟಲೆ ಊರೊಳಗೆ ನಿಧಾನ ಓಡಿದ ಗಾಡಿಯ ಇನ್‌ಟೇಕ್ ವಾಲ್ವಿನ ಮೇಲೆ ಕಪ್ಪಗೆ, ಒರಟಾಗಿ, ತೂತು ತೂತಾಗಿ ಒಂದು ಪದರ ಬೆಳೆದಿರುತ್ತದೆ. ಹೊಸ ಮಣ್ಣಿನ ಮಡಕೆ ಮೊದಲ ಕೊಡ ನೀರನ್ನು ತಾನೇ ಹೀರಿಕೊಳ್ಳುವ ಹಾಗೆ, ಈ ಪದರ ಇಂಜೆಕ್ಟರ್ ಬಿಟ್ಟ ಪೆಟ್ರೋಲನ್ನು ಹೀರಿಕೊಳ್ಳುತ್ತದೆ. ಬಿಸಿಯಾದ ಮೇಲೆ ಹೀರಿದ್ದೆಲ್ಲ ಆವಿಯಾಗುವುದರಿಂದ ತೊಂದರೆ ಕಾಣುವುದಿಲ್ಲ. ಲಕ್ಷಣ ಸೆನ್ಸರ್ ಕೆಟ್ಟಾಗಿನ ಹಾಗೆಯೇ ಇರುತ್ತದೆ, ಆದರೆ ಅಂಕಿ ಸರಿಯಾಗಿರುತ್ತದೆ. ಪೆಟ್ರೋಲಿಗೆ ಹಾಕುವ ಒಳ್ಳೆಯ ಇಂಜೆಕ್ಟರ್ ಕ್ಲೀನರ್ ಎರಡು ಮೂರು ಟ್ಯಾಂಕ್ ಬಳಸಿ ನೋಡಿ, ನಡುವೆ ಒಂದು ಸಲ ಮೈಸೂರಿಗೋ ಹಾಸನಕ್ಕೋ ಉದ್ದ ಓಡಿಸಿ. ಜಗ್ಗದಿದ್ದರೆ ಬಿಚ್ಚಿ ತೊಳೆಸಬೇಕು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಚಿಮ್ಮಿಸುವ ಹೊಸ ಟರ್ಬೊ ಕಾರುಗಳಲ್ಲಿ ಕ್ಲೀನರ್ ವಾಲ್ವನ್ನು ಮುಟ್ಟುವುದೇ ಇಲ್ಲ. ಅಲ್ಲಿ ವಾಲ್ವನ್ನೇ ತೊಳೆಸಬೇಕು.

ಗಾಳಿಯ ಸೋರಿಕೆ ಇನ್ನೊಂದು. ರಬ್ಬರ್ ಪೈಪು, ಗ್ಯಾಸ್ಕೆಟ್ ಹಳೆಯದಾದರೆ ಗಡುಸಾಗುತ್ತದೆ. ಚಳಿಯಲ್ಲಿ ಕುಗ್ಗಿ ಸಂದಿ ಬಿಡುತ್ತದೆ, ಬಿಸಿಯಲ್ಲಿ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವ ವೇಗ) ಏರಿಳಿಯುವುದು, ಬಾನೆಟ್ ಒಳಗೆ ಸಣ್ಣಗೆ ಉಸ್ ಅನ್ನುವ ಸದ್ದು ಇದರ ಗುರುತು. ಡಾಂಗಲ್ಲಿನಲ್ಲಿ ಫ್ಯುಯೆಲ್ ಟ್ರಿಮ್ ಅಂತ ಒಂದು ಅಂಕಿ ಬರುತ್ತದೆ. ಇಸಿಯು ತನ್ನ ಮೂಲ ಲೆಕ್ಕಕ್ಕಿಂತ ನೂರಕ್ಕೆ ಎಷ್ಟು ಪೆಟ್ರೋಲು ಜಾಸ್ತಿ ಅಥವಾ ಕಡಿಮೆ ಕೊಡುತ್ತಿದೆ ಅನ್ನುವುದು ಅದು. ಬಿಸಿಯಾದ ಇಂಜಿನ್ನಿನಲ್ಲಿ ಆಚೀಚೆ 10ರೊಳಗೆ ಇದ್ದರೆ ಚಿಂತೆಯಿಲ್ಲ. ಐಡ್ಲಿಂಗಿನಲ್ಲಿ ಜಾಸ್ತಿ ಇದ್ದು ರೇಸ್ ಮಾಡಿದಾಗ ಇಳಿದರೆ ಗಾಳಿ ಸೋರುತ್ತಿರಬಹುದು. ಏರಿನಲ್ಲಿ ಎಳೆಯುವಾಗ ಏರಿದರೆ ಪೆಟ್ರೋಲು ಸಾಲುತ್ತಿಲ್ಲ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕುವ ಪದ್ಧತಿ ಇದೆ, ಆದರೆ ಅದು ಬೆಂಕಿ ಹಿಡಿಯುವ ವಸ್ತು. ಬಿಸಿ ಇಂಜಿನ್ನಿನ ಮೇಲೆ ನೀವೇ ಪ್ರಯೋಗ ಮಾಡಬೇಡಿ.

ಪ್ಲಗ್ಗು, ಕಾಯಿಲ್ಲುಗಳನ್ನು ಪೂರ್ತಿ ಬಿಡುವಂತಿಲ್ಲ. ಜೂನ್-ಜುಲೈ ಮಳೆಯಲ್ಲಿ ಮಾತ್ರ ಮಿಸ್ಸಿಂಗ್ ಬಂದು ಬಿಸಿಲು ಬಂದಾಗ ಹೋದರೆ ಕಾಯಿಲ್ಲಿನ ರಬ್ಬರ್ ಬಿರುಕು ಬಿಟ್ಟು ತೇವ ಸೇರಿರುವ ಸಾಧ್ಯತೆ ಜಾಸ್ತಿ. ಬಿಚ್ಚಿದ ಪ್ಲಗ್ಗಿನ ಬಣ್ಣ ನೋಡಲು ಮರೆಯಬೇಡಿ. ಬಿಳಿಚಿಕೊಂಡಿದ್ದರೆ ಪೆಟ್ರೋಲು ಕಡಿಮೆ, ಮಸಿ ಮೆತ್ತಿದ್ದರೆ ಜಾಸ್ತಿ. ನನ್ನ ಹಳೇ ಪ್ಲಗ್ಗುಗಳನ್ನು ಯಾರೂ ನೋಡದೇ ಡಬ್ಬಕ್ಕೆ ಎಸೆದಿದ್ದರು.

ಥರ್ಮೋಸ್ಟಾಟ್ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಕೂಲೆಂಟ್ 82-88 ಡಿಗ್ರಿ ಆಗುವವರೆಗೆ ಅದನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು ಇದು. ಗಾಡಿ ಹೀಟ್ ಆಗುತ್ತದೆ ಅಂತ ಕೆಲವರು ಇದನ್ನು ಕಿತ್ತೇ ಬಿಡುತ್ತಾರೆ. ಹಾಗೆ ಮಾಡಿದರೆ, ಅಥವಾ ಅದು ತೆರೆದೇ ಸಿಕ್ಕಿಕೊಂಡರೆ, ಇಂಜಿನ್ ಬಿಸಿಯಾಗುವುದೇ ಇಲ್ಲ. ಇಸಿಯು ಚೋಕ್ ಎಳೆದೇ ಇಟ್ಟ ಹಾಗೆ ಪೆಟ್ರೋಲು ಸುರಿಯುತ್ತದೆ, ಮೈಲೇಜ್ ಬೀಳುತ್ತದೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಉಷ್ಣತೆ 60ಕ್ಕೆ ಇಳಿದರೆ ಇದೇ ಅನ್ನಬಹುದು. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಸ್ಟಾರ್ಟ್ ಮಾಡಿದ ಮೊದಲ ಕೆಲವು ನಿಮಿಷ ರೇಡಿಯೇಟರಿನ ಮೇಲಿನ ಪೈಪು ತಣ್ಣಗೇ ಇದ್ದು, ಆಮೇಲೆ ಬೇಗನೆ ಬಿಸಿಯಾಗಬೇಕು. ಮೊದಲಿಂದಲೇ ನಿಧಾನ ಬಿಸಿಯಾಗುತ್ತಾ ಬಂದರೆ ಬಾಗಿಲು ತೆರೆದೇ ಇದೆ. ಕೈಯನ್ನು ಫ್ಯಾನಿನಿಂದ ದೂರ ಇಡಿ.

ಪೆಟ್ರೋಲಿನ ಮೇಲೂ ಮಾತು ಬರುತ್ತದೆ. ನೂರಕ್ಕೆ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆಯಾಗಿದ್ದು. ಎಥನಾಲ್ ಆವಿಯಾಗಲು ಪೆಟ್ರೋಲಿನ ಎರಡು ಪಟ್ಟಿಗೂ ಜಾಸ್ತಿ ಶಾಖ ಬೇಡುತ್ತದೆ. ಅದಕ್ಕೆ ಬೇಕಾದ ಗಾಳಿ 9 ಪಾಲು ಮಾತ್ರ, ಅಂದರೆ ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬೇಕು. ಬಿಸಿ ಇಂಜಿನ್ನಿನಲ್ಲಿ ಆಕ್ಸಿಜನ್ ಸೆನ್ಸರ್ ಹೊಗೆ ನೋಡಿ ಈ ಲೆಕ್ಕವನ್ನು ತಿದ್ದುತ್ತದೆ. ಆ ಸೆನ್ಸರ್ ಸುಮಾರು 300 ಡಿಗ್ರಿ ಬಿಸಿಯಾಗುವವರೆಗೆ ಇಸಿಯು ತನ್ನ ನೆನಪಿನ ಲೆಕ್ಕದ ಮೇಲೇ ನಡೆಯಬೇಕು. ಆದ್ದರಿಂದ ಇ20ಗೆಂದು ಹೊಂದಿಸದ ಹಳೆಯ ಕಾರಿನಲ್ಲಿ ಬೆಳಗಿನ ಮಂದತನ ಸ್ವಲ್ಪ ಎದ್ದು ಕಾಣಬಹುದು. ಆದರೆ ನಮ್ಮ ಚಳಿಗೆ ಅದೊಂದೇ ಕಾರಣದಿಂದ ಕಾರು ಜರ್ಕ್ ಹೊಡೆಯುತ್ತದೆ ಅಂತ ನಾನು ನಂಬುವುದಿಲ್ಲ. ಬೇರೆ ಏನೋ ದುರ್ಬಲವಾಗಿರುವುದನ್ನು ಅದು ಬಯಲಿಗೆ ತರುತ್ತದೆ. ಸಿಎನ್‌ಜಿ ಕಾರಿನವರು ಟ್ಯಾಂಕಿನಲ್ಲಿ ಆರು ತಿಂಗಳಿಂದ ಕೂತಿರುವ ಪೆಟ್ರೋಲನ್ನೂ ಅನುಮಾನಿಸಿ. ಬೆಳಗ್ಗೆ ಸ್ಟಾರ್ಟ್ ಆಗುವುದು ಸಾಮಾನ್ಯವಾಗಿ ಅದರಲ್ಲೇ.

ಕೆಲವು ಸಲ ಇಂಜಿನ್ನಿನದು ತಪ್ಪೇ ಇರುವುದಿಲ್ಲ. ಮಳೆಯಲ್ಲಿ ನಾಲ್ಕು ದಿನ ಹ್ಯಾಂಡ್ ಬ್ರೇಕ್ ಎಳೆದು ನಿಂತ ಗಾಡಿಯ ಬ್ರೇಕ್ ತುಕ್ಕಿಗೆ ಅಂಟಿಕೊಂಡಿರುತ್ತದೆ. ಹೊರಡುವಾಗ ಟಕ್ ಅಂದರೆ ಬಿಟ್ಟಿತು ಅಂತ. ಅನ್ನದಿದ್ದರೆ ಎಳೆದುಕೊಂಡೇ ಹೋಗುತ್ತದೆ, ಸ್ವಲ್ಪ ದೂರ ಓಡಿಸಿ ನಿಲ್ಲಿಸಿದರೆ ಒಂದು ಚಕ್ರದ ಹತ್ತಿರ ಮಾತ್ರ ಬಿಸಿ, ಸುಟ್ಟ ವಾಸನೆ. ಆಟೊಮ್ಯಾಟಿಕ್ ಕಾರುಗಳು ತಣ್ಣಗಿರುವಾಗ ಮೇಲಿನ ಗೇರಿಗೆ ತಡವಾಗಿ ಹೋಗುವುದು ಅವುಗಳ ಗುಣ.

ಡೀಸೆಲ್ಲಿನ ಕಥೆಯೇ ಬೇರೆ. ಅಲ್ಲಿ ಕಿಡಿ ಇಲ್ಲ, ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹತ್ತಿಕೊಳ್ಳಬೇಕು. ಚಳಿಯಲ್ಲಿ ನೆರವಿಗೆ ಸಿಲಿಂಡರಿನೊಳಗೆ ಬಿಸಿ ಕೊಡುವ ಗ್ಲೋ ಪ್ಲಗ್ ಇದೆ. ಸುರುಳಿ ಆಕಾರದ ದೀಪ ಆರುವವರೆಗೆ ಕಾದು ಸೆಲ್ಫ್ ಹೊಡೆಯಿರಿ. ನಾಲ್ಕರಲ್ಲಿ ಒಂದೆರಡು ಗ್ಲೋ ಪ್ಲಗ್ ಸತ್ತಿದ್ದರೂ ನಮ್ಮ ಹವೆಯಲ್ಲಿ ಗಾಡಿ ಸ್ಟಾರ್ಟ್ ಆಗುತ್ತದೆ, ಆದರೆ ಒಂದೆರಡು ನಿಮಿಷ ನಡುಗುತ್ತಾ ಬಿಳಿ ಹೊಗೆ ಬಿಡುತ್ತದೆ.

ಗ್ಯಾರೇಜಿಗೆ ಹೋಗುವಾಗ "ಪಿಕಪ್ ಇಲ್ಲ" ಅಂತ ಮಾತ್ರ ಹೇಳಿದರೆ ನನ್ನ ಹಾಗೆ ಪ್ಲಗ್ಗು ಕೊಳ್ಳುತ್ತೀರಿ. ಎಷ್ಟು ಹೊತ್ತು ನಿಂತ ಮೇಲೆ, ಎಷ್ಟು ನಿಮಿಷ, ಜರ್ಕಾ ಭಾರವಾ, ಚಳಿಗಾ ಮಳೆಗಾ ಅಂತ ಹೇಳಿ. ಆಗುವುದಾದರೆ ರಾತ್ರಿಯೇ ಗಾಡಿ ಬಿಟ್ಟುಬನ್ನಿ. ಅದು ಕಷ್ಟವಾದರೆ ಬೆಳಗ್ಗೆ ಡ್ಯಾಶ್‌ಬೋರ್ಡ್ ಕಾಣುವ ಹಾಗೆ ಮೊಬೈಲಿನಲ್ಲಿ ಒಂದು ವಿಡಿಯೊ ತೆಗೆದುಕೊಂಡರೂ ಸಾಕು.

ಐದು ನಿಮಿಷ ನಿಲ್ಲಿಸಿಯೇ ಬಿಸಿ ಮಾಡುವ ಹಳೇ ಅಭ್ಯಾಸ ಈಗಿನ ಇಂಜಿನ್ನಿಗೆ ಬೇಡ. ಅರ್ಧ ನಿಮಿಷ ಬಿಟ್ಟು ನಿಧಾನಕ್ಕೆ ಹೊರಡಿ, ಮೊದಲ ಎರಡು ಮೂರು ಕಿಲೋಮೀಟರ್ 2,500 ಆರ್‌ಪಿಎಂ ದಾಟಿಸಬೇಡಿ. ನಿಂತಲ್ಲಿಗಿಂತ ಓಡುವಾಗ ಇಂಜಿನ್ ಬೇಗ ಬಿಸಿಯಾಗುತ್ತದೆ. ನಿಮ್ಮ ಕಾರಿನಲ್ಲಿ ನೀಲಿ ದೀಪ ಇದ್ದರೆ ದಿನಾ ಅದು ಯಾವ ಜಾಗದಲ್ಲಿ ಆರುತ್ತದೆ ಅಂತ ಗುರುತಿಟ್ಟುಕೊಳ್ಳಿ. ನನ್ನದು ಈಗ ಗೇಟಿನಲ್ಲಿ ಆರುವುದಿಲ್ಲ. ಏರು ಹತ್ತಿ, ಬಸ್ ಸ್ಟಾಪ್ ದಾಟಿ, ಹಾಲಿನ ಡೈರಿ ಹತ್ತಿರ ಬಂದಾಗ ಆರುತ್ತದೆ. ಆ ಹೊತ್ತಿಗೆ ಅಜ್ಜ ಕ್ಯಾನ್ ಹಿಡಿದುಕೊಂಡು ಸಾಲಿನಲ್ಲಿ ನಿಂತಿರುತ್ತಾರೆ.